ಎರಡು ದಿನ, ಏಳೂವರೆ ಕೋಟಿ ವರ್ಷ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ದಕ್ಷಿಣದಲ್ಲಿ, ರೆಡ್ ಡಿಯರ್ ನದಿಯ ಕಣಿವೆಯುದ್ದಕ್ಕೂ ಡೈನೋಸಾರ್ ಪ್ರಾವಿನ್ಷಿಯಲ್ ಪಾರ್ಕ್ ಹಬ್ಬಿದೆ. ಆಲ್ಬರ್ಟಾ ಪ್ರಾಂತ್ಯವಾಗಿ ಐವತ್ತು ವರ್ಷ ತುಂಬಿದ 1955ರಲ್ಲಿ ಇದು ಸಂರಕ್ಷಿತ ಉದ್ಯಾನವಾಯಿತು. 1979ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸುಮಾರು ಏಳೂವರೆ ಕೋಟಿ ವರ್ಷಗಳ ಹಿಂದೆ ಬದುಕಿದ್ದ 40ಕ್ಕೂ ಹೆಚ್ಚು ಜಾತಿಯ ಡೈನೋಸಾರ್‌ಗಳ ಪಳೆಯುಳಿಕೆಗಳು ಇಲ್ಲಿ ಸಿಕ್ಕಿವೆ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಬಗೆಯವು ಸಿಕ್ಕ ಉದಾಹರಣೆ ಪ್ರಪಂಚದಲ್ಲಿ ವಿರಳ.

ಕ್ಯಾಲ್ಗರಿಯಿಂದ ಪೂರ್ವಕ್ಕೆ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಗೋಧಿ ಹೊಲ, ಹುಲ್ಲುಗಾವಲು, ಅಳತೆಗೋಲಿಟ್ಟು ಎಳೆದಂಥ ರಸ್ತೆ. ಪಾರ್ಕಿನ ಅಂಚು ಮುಟ್ಟುವವರೆಗೂ ಗುಡ್ಡದ ಸುಳಿವಿಲ್ಲ. ಅಲ್ಲಿ ನೆಲ ಒಮ್ಮೆಲೇ ಸುಮಾರು ನೂರು ಮೀಟರ್ ಕೆಳಗಿಳಿಯುತ್ತದೆ. ಕೆಳಗೆ ಬೂದು, ಕಂದು, ಕೆಂಪು ಪಟ್ಟೆಗಳ ಬೋಳು ಗುಡ್ಡಗಳು, ಕೊರಕಲುಗಳು, ತಲೆಯ ಮೇಲೆ ಗಟ್ಟಿಕಲ್ಲು ಹೊತ್ತು ನಿಂತ ಮಣ್ಣಿನ ಕಂಬಗಳು.

ವಾರಾಂತ್ಯದ ಎರಡೇ ದಿನ ಕೈಯಲ್ಲಿರುವವರು ಇಂಥ ಜಾಗವನ್ನು ಹೇಗೆ ನೋಡಬೇಕು? ಈ ಪ್ರಶ್ನೆಗೆ ಎರಡು ಪಕ್ಷಗಳಿವೆ. ಕ್ಯಾಲ್ಗರಿಯಲ್ಲಿ ಕೆಲಸದಲ್ಲಿರುವ ಯುವತಿಯದು ಒಂದು ಪಕ್ಷ. ಮೈಸೂರಿನಿಂದ ಬಂದಿರುವ ಅವಳ ಚಿಕ್ಕಪ್ಪನದು ಇನ್ನೊಂದು; ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು.

ಮಗಳು: ಶನಿವಾರ ಬೆಳಿಗ್ಗೆ ಹೊರಟುಬಿಡೋಣ ಚಿಕ್ಕಪ್ಪ. ಸೀದಾ ಪಾರ್ಕಿಗೆ. ರಾತ್ರಿ ಅಲ್ಲೇ ಉಳಿದು, ಭಾನುವಾರ ಸಂಜೆ ವಾಪಸ್.

ಚಿಕ್ಕಪ್ಪ: ಆಗಬಹುದು. ಹಾಗಾದರೆ ಮ್ಯೂಸಿಯಂ ಶನಿವಾರ ಮಧ್ಯಾಹ್ನ ನೋಡಿ ಮುಗಿಸೋಣ. ಅಲ್ಲೇ ಒಳಗಡೆ ಇರುತ್ತಲ್ಲ.

ಮಗಳು: ಇಲ್ಲ. ಎಷ್ಟೋ ಜನ ಹಾಗೇ ತಿಳಿದು ಬಂದು ಪೇಚಾಡುತ್ತಾರೆ. ಪಾರ್ಕಿನಲ್ಲಿ ಇರೋದು ವಿಸಿಟರ್ ಸೆಂಟರು, ಅದರಲ್ಲಿ ಒಂದು ಸಣ್ಣ ಪ್ರದರ್ಶನ. ನೀವು ಹೇಳುತ್ತಿರುವ ರಾಯಲ್ ಟಿರೆಲ್ ಮ್ಯೂಸಿಯಂ ಡ್ರಮ್‌ಹೆಲರ್ ಊರಿನಲ್ಲಿದೆ. ಅಲ್ಲಿಂದ ಪಾರ್ಕಿಗೆ ಇನ್ನೂ ಎರಡು ಗಂಟೆ ಪ್ರಯಾಣ.

ಚಿಕ್ಕಪ್ಪ: ಕ್ಯಾಲ್ಗರಿಯಿಂದ ಡ್ರಮ್‌ಹೆಲರ್‌ಗೆ?

ಮಗಳು: ಒಂದೂವರೆ ಗಂಟೆ. ಮೂರೂ ಸೇರಿಸಿ ಸುತ್ತು ಹಾಕಿದರೆ ಆರು ಗಂಟೆ ಕಾರಿನಲ್ಲೇ ಕಳೆಯುತ್ತೆ. ಅದಕ್ಕೇ ಒಂದನ್ನು ಕೈಬಿಡೋಣ ಅನ್ನೋದು ನನ್ನ ಲೆಕ್ಕ. ಮ್ಯೂಸಿಯಂ ಬಿಡೋಣ.

ಚಿಕ್ಕಪ್ಪ: ಬಿಡೋದಾದರೆ ಪಾರ್ಕನ್ನೇ ಬಿಡು. ಮೂಳೆಯನ್ನು ಅಗೆದು, ತೊಳೆದು, ಜೋಡಿಸಿ, ಹೆಸರು ಬರೆದು ಇಟ್ಟಿರುವ ಜಾಗ ಒಂದೂವರೆ ಗಂಟೆಯ ದೂರದಲ್ಲಿದೆ. ಅದು ಬಿಟ್ಟು ಮೂಳೆ ಖಾಲಿಯಾದ ಗುಡ್ಡ ನೋಡೋಕೆ ಎರಡೂವರೆ ಗಂಟೆ ಹೋಗೋದು ಯಾವ ಲೆಕ್ಕ?

ಮಗಳು: ಖಾಲಿ ಆಗಿಲ್ಲ, ಅದೇ ಅದರ ವಿಶೇಷ. ನೂರು ವರ್ಷದಿಂದ ತೆಗೆಯುತ್ತಲೇ ಇದ್ದಾರೆ, ಪ್ರತಿ ಮಳೆಗಾಲ ಕಳೆದ ಮೇಲೆ ಹೊಸದು ಕಾಣಿಸಿಕೊಳ್ಳುತ್ತಲೇ ಇದೆ.

ಕಾರಣ ಈ ನೆಲದ ರಚನೆಯಲ್ಲಿದೆ. ಡೈನೋಸಾರ್‌ಗಳ ಕಾಲದಲ್ಲಿ ಇದು ಬೋಳು ನೆಲವಾಗಿರಲಿಲ್ಲ. ಉತ್ತರ ಅಮೆರಿಕದ ಮಧ್ಯಭಾಗವನ್ನು ಆಗ ಒಳನಾಡಿನ ಸಮುದ್ರವೊಂದು ಆವರಿಸಿತ್ತು. ಅದರ ಪಶ್ಚಿಮ ತೀರದ ತಗ್ಗಿನಲ್ಲಿ, ಬೆಚ್ಚನೆಯ ತೇವದ ಹವೆಯಲ್ಲಿ, ಕಾಡು ಬೆಳೆದಿತ್ತು. ಪಶ್ಚಿಮದ ಬೆಟ್ಟಗಳಿಂದ ಇಳಿದ ನದಿಗಳು ಮರಳನ್ನೂ ಕೆಸರನ್ನೂ ತಂದು ಹರಡುತ್ತಿದ್ದವು. ಸತ್ತ ಪ್ರಾಣಿಗಳು ಆ ಹೂಳಿನಲ್ಲಿ ಬೇಗ ಮುಚ್ಚಿಹೋದವು. ನೆಲದ ನೀರಿನಲ್ಲಿದ್ದ ಖನಿಜಗಳು ಮೂಳೆಯ ಸೂಕ್ಷ್ಮ ರಂಧ್ರಗಳನ್ನು ತುಂಬಿದವು. ಪಾರ್ಕಿನ ಗುಡ್ಡಗಳಲ್ಲಿ ಮೂರು ಪದರಗಳನ್ನು ಗುರುತಿಸುತ್ತಾರೆ. ಎಲ್ಲಕ್ಕಿಂತ ಕೆಳಗಿನದು ಓಲ್ಡ್‌ಮನ್ ಸ್ತರ. ಅದರ ಮೇಲಿನದು ಹೆಚ್ಚು ಪಳೆಯುಳಿಕೆ ಕೊಟ್ಟ ಡೈನೋಸಾರ್ ಪಾರ್ಕ್ ಸ್ತರ. ಸಮುದ್ರ ಮತ್ತೆ ಪಶ್ಚಿಮಕ್ಕೆ ನುಗ್ಗಿ ತೀರವನ್ನು ಮುಳುಗಿಸಿದಾಗ ಅದರ ಮೇಲೆ ನಿಂತದ್ದು ಬೇರ್‌ಪಾ ಸ್ತರ.

ಇಷ್ಟೆಲ್ಲ ಆದ ಮೇಲೂ ಕೋಟ್ಯಂತರ ವರ್ಷ ಈ ಪದರಗಳು ನೆಲದಡಿಯಲ್ಲೇ ಇದ್ದವು. ಕಳೆದ ಹಿಮಯುಗದ ಕೊನೆಯಲ್ಲಿ, ಹದಿನೈದು ಸಾವಿರ ವರ್ಷಗಳಿಂದ ಈಚೆಗೆ, ಕರಗಿದ ಹಿಮಗಡ್ಡೆಗಳ ನೀರು ರಭಸದಿಂದ ಹರಿದು ಮೆತ್ತನೆಯ ಶಿಲೆಯನ್ನು ಸೀಳಿ ಕಣಿವೆ ಮಾಡಿತು. ಆಮೇಲೆ ಮಳೆ, ಗಾಳಿ, ಹಿಮ ಈ ಇಳಿಜಾರುಗಳನ್ನು ವರ್ಷಕ್ಕೆ ಕೆಲವು ಮಿಲಿಮೀಟರಿನಂತೆ ಕೊರೆಯುತ್ತಲೇ ಇವೆ.

ಚಿಕ್ಕಪ್ಪ: ಅಂದರೆ ಮೂಳೆ ಹೊರಗೆ ಬರೋದಕ್ಕೂ ಅದು ಪುಡಿಯಾಗೋದಕ್ಕೂ ಕಾರಣ ಒಂದೇ. ಹೊರಗೆ ಕಂಡ ಮೂಳೆಯನ್ನು ಹಾಗೇ ಬಿಟ್ಟರೆ ಏನಾಗುತ್ತೆ?

ಮಗಳು: ಕೆಲವು ಚಳಿಗಾಲ ಕಳೆಯುವಷ್ಟರಲ್ಲಿ ಬಿರುಕುಬಿಟ್ಟು ಚೂರುಚೂರು.

ಚಿಕ್ಕಪ್ಪ: ನೋಡಿದೆಯಾ! ಮ್ಯೂಸಿಯಂ ಇಲ್ಲದಿದ್ದರೆ ನಿನ್ನ ಪಾರ್ಕು ಮೂಳೆ ಕಳೆದುಕೊಳ್ಳುವ ಕಾರ್ಖಾನೆ.

ಮಗಳು: ಒಪ್ಪಿದೆ. ಆದರೆ ಮ್ಯೂಸಿಯಮ್ಮಿನಲ್ಲಿ ನಿಮಗೆ ಸಿಗೋದು ಪ್ರಾಣಿ ಮಾತ್ರ. ಅದಕ್ಕೆ ಏನಾಯಿತು ಅನ್ನೋದು ಪಾರ್ಕಿನಲ್ಲಿದೆ. ಸೆಂಟ್ರೋಸಾರಸ್ ಅಂತ ಒಂದಿದೆ, ಮೂಗಿನ ಮೇಲೆ ದೊಡ್ಡ ಕೊಂಬು, ಕತ್ತಿನ ಹಿಂದೆ ಮೂಳೆಯ ಕಾಲರು. ಮ್ಯೂಸಿಯಮ್ಮಿನಲ್ಲಿ ಅದರ ಒಂದು ಅಸ್ಥಿಪಂಜರ ಠೀವಿಯಿಂದ ನಿಂತಿರುತ್ತೆ. ಪಾರ್ಕಿನ ಒಂದು ಕಡೆ ಅದೇ ಪ್ರಾಣಿಯ ಮೂಳೆಗಳು, ಮರಿ ದೊಡ್ಡದು ಎಲ್ಲ ಒಂದರ ಮೇಲೊಂದು ಒತ್ತಿಕೊಂಡು ಹಾಸಿಗೆ ಹಾಸಿದಂತೆ ಬಿದ್ದಿವೆ. ಇಡೀ ಹಿಂಡು ನೆರೆಗೆ ಸಿಕ್ಕಿ ಸತ್ತಿರಬೇಕು ಅನ್ನೋದು ವಿಜ್ಞಾನಿಗಳ ತರ್ಕ. ಆ ತರ್ಕ ಹುಟ್ಟಿದ್ದು ಒಂದು ಮೂಳೆ ನೋಡಿ ಅಲ್ಲ, ಎಲ್ಲ ಮೂಳೆ ಹೇಗೆ ಬಿದ್ದಿದ್ದವು ಅಂತ ನೋಡಿ. ಅದನ್ನು ಎತ್ತಿಕೊಂಡು ಬಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಬಿದ್ದ ರೀತಿ ಹೊರಟುಹೋಗುತ್ತೆ.

ಚಿಕ್ಕಪ್ಪ: ತರ್ಕ ಮಾಡಿದವರು ವಿಜ್ಞಾನಿಗಳು. ನೀನು ನಾನು ಹೋಗಿ ನಿಂತರೆ ಏನು ಕಾಣುತ್ತೆ? ಕಲ್ಲು ಯಾವುದು, ಮೂಳೆ ಯಾವುದು ಗೊತ್ತಾಗೋಲ್ಲ. ಮೂವತ್ತು ವರ್ಷ ಪಾಠ ಮಾಡಿದವನು ಹೇಳ್ತೀನಿ ಕೇಳು, ಹೆಸರು ಗೊತ್ತಿಲ್ಲದ ವಸ್ತು ಕಣ್ಣಮುಂದೆ ಇದ್ದರೂ ಕಾಣೋದಿಲ್ಲ.

ಮಗಳು: ಅದಕ್ಕೇ ಗೈಡ್ ಜೊತೆ ಹೋಗೋದು.

ಗೈಡ್ ಮೊದಲು ಕಲಿಸುವುದು ಮೂಳೆಗೂ ಕಲ್ಲಿಗೂ ಇರುವ ವ್ಯತ್ಯಾಸ. ಇಳಿಜಾರಿನ ತುಂಬ ಕೆಂಪು ಕಂದಿನ ಕಬ್ಬಿಣಗಲ್ಲಿನ ಚೂರುಗಳು ಚೆಲ್ಲಿರುತ್ತವೆ. ಹೊಸಬರು ಮೊದಲು ಮೂಳೆಯೆಂದು ತೋರಿಸುವುದು ಅವನ್ನೇ. ಕಬ್ಬಿಣಗಲ್ಲಿನ ಮುರಿದ ಮೈ ಒಳಗೂ ಹೊರಗೂ ಒಂದೇ ಸಮ ನುಣುಪು, ಕೈಗೆ ಭಾರ. ಮೂಳೆಯ ಚೂರಿನ ಹೊರಪದರ ಮಾತ್ರ ನುಣುಪು. ಮುರಿದ ಕಡೆ ತಿರುಗಿಸಿ ಹಿಡಿದರೆ ಒಳಗೆ ಸೂಜಿಮೊನೆಯಷ್ಟು ರಂಧ್ರಗಳ ಜಾಲ ಕಾಣುತ್ತದೆ. ಮಜ್ಜೆಯೂ ರಕ್ತನಾಳಗಳೂ ಇದ್ದ ಜಾಗ ಅದು. ಒದ್ದೆ ಬೆರಳಿಗೆ ಮುಟ್ಟಿಸಿದರೆ ಆ ರಂಧ್ರಗಳು ತೇವವನ್ನು ಹೀರಿ ಚೂರು ಬೆರಳಿಗೆ ಸ್ವಲ್ಪ ಅಂಟಿಕೊಳ್ಳುತ್ತದೆ. ನೋಡಿದ ಮೇಲೆ ಗೈಡ್ ಅದನ್ನು ಎತ್ತಿಕೊಂಡ ಜಾಗದಲ್ಲೇ ಮತ್ತೆ ಇಡುತ್ತಾರೆ. ಇದಾದ ಮೇಲೆ ಅದೇ ಇಳಿಜಾರು ಬೇರೆಯಾಗಿ ಕಾಣತೊಡಗುತ್ತದೆ: ಪಕ್ಕೆಲುಬಿನ ತುಂಡು, ಆಮೆಯ ಚಿಪ್ಪಿನ ಚೂರು, ಶಿಲೆಯಾದ ಮರ ಒಂದೊಂದೇ ಬೇರ್ಪಡುತ್ತವೆ.

ಚಿಕ್ಕಪ್ಪ: ಇದೇನೋ ಚೆನ್ನಾಗಿದೆ. ಆದರೆ ಚೂರು ನೋಡಿ ಪ್ರಾಣಿ ಊಹಿಸೋಕೆ ಆಗುತ್ತಾ? ಅದೇ ಮ್ಯೂಸಿಯಮ್ಮಿನಲ್ಲಿ ಬೊರಿಯಲೊಪೆಲ್ಟಾ ಅಂತ ಒಂದು ಇದೆ. ರಕ್ಷಾಕವಚದ ಡೈನೋಸಾರು, 2011ರಲ್ಲಿ ಆಲ್ಬರ್ಟಾದ ಉತ್ತರದ ತೈಲಮರಳಿನ ಗಣಿಯಲ್ಲಿ ಸಿಕ್ಕಿದ್ದು. ಮೂಳೆ ಮಾತ್ರ ಅಲ್ಲ, ಚರ್ಮ ಕವಚ ಎಲ್ಲ ಇದ್ದ ಹಾಗೇ ಉಳಿದಿದೆ. ಸುತ್ತಲಿನ ಕಲ್ಲು ಬಿಡಿಸೋಕೆ ಒಬ್ಬ ತಂತ್ರಜ್ಞ 7,000 ಗಂಟೆ ಕೂತು ಕೆಲಸ ಮಾಡಿದ್ದಾನೆ. ನಿನ್ನ ಮಳೆ ಗಾಳಿ ಆ ಕೆಲಸ ಮಾಡುತ್ತಾ?

ಮಗಳು: ಇಲ್ಲ. ಅದನ್ನು ನೋಡಬೇಕು ಅಂತ ನನಗೂ ಆಸೆ ಇದೆ. ಆದರೆ ಅದು ಹತ್ತು ಹನ್ನೊಂದು ಕೋಟಿ ವರ್ಷ ಹಿಂದಿನದು. ಪಾರ್ಕಿನವಕ್ಕಿಂತ ಬಹಳ ಹಳೆಯದು. ಮ್ಯೂಸಿಯಮ್ಮಿನಲ್ಲಿ ಐದು ನಿಮಿಷ ನಡೆದರೆ ಐದು ಕೋಟಿ ವರ್ಷ ದಾಟಿಬಿಡುತ್ತೀರಿ. ಎಲ್ಲ ಒಂದೇ ಕಾಲದ್ದು ಅನ್ನಿಸಿಬಿಡುತ್ತೆ. ಅಲ್ಲಿಗೆ ಹೋದ ಮಕ್ಕಳೆಲ್ಲ ಪಾರ್ಕಿಗೆ ಬಂದು ಟಿ. ರೆಕ್ಸ್ ಎಲ್ಲಿ ಅಂತ ಕೇಳೋದು ಅದಕ್ಕೇ.

ಚಿಕ್ಕಪ್ಪ: ಪಾರ್ಕಿನಲ್ಲಿ ಟಿ. ರೆಕ್ಸ್ ಇಲ್ಲವಾ?

ಮಗಳು: ಇಲ್ಲ. ಅದು 6.8 ಕೋಟಿ ವರ್ಷದಿಂದ ಈಚಿನದು. ಇಲ್ಲಿ ಇದ್ದಿದ್ದು ಅದರ ದಾಯಾದಿ ಗೋರ್ಗೋಸಾರಸ್, ಸ್ವಲ್ಪ ಸಣ್ಣ ಮೈಕಟ್ಟಿನದು. ಟಿ. ರೆಕ್ಸ್ ಹುಟ್ಟುವ ಹೊತ್ತಿಗೆ ಇದು ಮಣ್ಣು ಸೇರಿ ಲಕ್ಷಾಂತರ ತಲೆಮಾರು ಕಳೆದಿತ್ತು.

ಚಿಕ್ಕಪ್ಪ: ಈ ಕೋಟಿಗಳನ್ನೆಲ್ಲ ಯಾರು ಎಣಿಸಿದರು? ಮಕ್ಕಳು ಕ್ಲಾಸಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಇದು. ನನ್ನ ಉತ್ತರ ಯಾವಾಗಲೂ ಪುಸ್ತಕದ್ದು.

ಮಗಳು: ಅದರ ಉತ್ತರ ಪಾರ್ಕಿನಲ್ಲೇ ಕಾಲಡಿ ಸಿಗುತ್ತೆ. ಗುಡ್ಡದ ಪದರಗಳ ನಡುವೆ ಅಲ್ಲಲ್ಲಿ ತೆಳು ಬಿಳಿ ಪಟ್ಟೆ ಇರುತ್ತೆ, ಜ್ವಾಲಾಮುಖಿಯ ಬೂದಿ. ಅದರಲ್ಲಿರುವ ಹರಳುಗಳಲ್ಲಿ ಯುರೇನಿಯಂ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತೆ, ಗೊತ್ತಿರುವ ವೇಗದಲ್ಲಿ. ಎಷ್ಟು ಸೀಸ ಆಗಿದೆ ಅಂತ ಅಳೆದರೆ ಬೂದಿ ಬಿದ್ದ ಕಾಲ ಸಿಗುತ್ತೆ. ಕೆಳಗೊಂದು ಬೂದಿ ಪಟ್ಟೆ, ಮೇಲೊಂದು ಬೂದಿ ಪಟ್ಟೆ; ನಡುವೆ ಸಿಕ್ಕ ಮೂಳೆಯ ವಯಸ್ಸು ಆ ಎರಡರ ನಡುವೆ.

ಚಿಕ್ಕಪ್ಪ: ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಮಕ್ಕಳನ್ನು ಕರೆದುಕೊಂಡು ಹೋಗಿ ಅದರ ಮೇಲೆ ಕೂರಿಸಿದ್ದೀನಿ. ಅದರಲ್ಲಿ ಒಂದು ಮೂಳೆ ಇಲ್ಲ, ಇರೋಕೂ ಸಾಧ್ಯವಿಲ್ಲ. ಆಗ ಮೂಳೆ ಇರುವ ಪ್ರಾಣಿಯೇ ಹುಟ್ಟಿರಲಿಲ್ಲ. ಅದರ ಮುಂದೆ ನಿನ್ನ ಏಳೂವರೆ ಕೋಟಿ ಮೊನ್ನೆ ಮೊನ್ನೆಯ ಮಾತು. ಸರಿ, ಬೂದಿ ಪಟ್ಟೆ ನೋಡಬೇಕು ಅನ್ನಿಸಿತು. ಅಷ್ಟರ ಮಟ್ಟಿಗೆ ಗೆದ್ದೆ ಅಂತ ಇಟ್ಟುಕೋ.

ಮೂಳೆಗಳು ಎಲ್ಲಿರಬೇಕು ಎಂಬ ಜಗಳ ಈ ಇಬ್ಬರದೇ ಅಲ್ಲ. ಪಾರ್ಕಿನ ಇತಿಹಾಸದಷ್ಟೇ ಹಳೆಯದು. ಬಿಳಿಯರು ಬರುವುದಕ್ಕೆ ಮುಂಚೆಯೇ ಇಲ್ಲಿನ ಬ್ಲ್ಯಾಕ್‌ಫುಟ್ ಜನರಿಗೆ ಈ ಮೂಳೆಗಳ ಪರಿಚಯವಿತ್ತು. ಅವನ್ನು ಬೈಸನ್‌ಗಳ ಅಜ್ಜನ ಮೂಳೆಗಳೆಂದು ಕರೆಯುತ್ತಿದ್ದರೆಂದು 19ನೇ ಶತಮಾನದ ದಾಖಲೆ ಹೇಳುತ್ತದೆ. 1884ರಲ್ಲಿ ಕಲ್ಲಿದ್ದಲಿನ ಸಮೀಕ್ಷೆಗೆ ಬಂದಿದ್ದ ಜೋಸೆಫ್ ಟಿರೆಲ್ ಡ್ರಮ್‌ಹೆಲರ್ ಬಳಿ ಮಾಂಸಾಹಾರಿ ಡೈನೋಸಾರೊಂದರ ತಲೆಬುರುಡೆ ಕಂಡ. ಅದಕ್ಕೆ 1905ರಲ್ಲಿ ಆಲ್ಬರ್ಟೋಸಾರಸ್ ಎಂದು ಹೆಸರಿಟ್ಟರು. 1985ರಲ್ಲಿ ತೆರೆದ ಮ್ಯೂಸಿಯಮ್ಮಿಗೆ ಟಿರೆಲ್‌ನ ಹೆಸರು ಬಂತು.

ಮಗಳು: 1910ರಲ್ಲಿ ಬಾರ್ನಮ್ ಬ್ರೌನ್ ಬಂದ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯವನು. ಚಪ್ಪಟೆ ತಳದ ದೋಣಿಯ ಮೇಲೆ ಡೇರೆ ಹಾಕಿ, ಒಲೆ ಇಟ್ಟು, ನದಿಯಲ್ಲಿ ತೇಲುತ್ತಾ ಬಂದು ದಂಡೆದಂಡೆಯಲ್ಲಿ ಅಗೆದ. ಸಿಕ್ಕಿದ್ದೆಲ್ಲ ನ್ಯೂಯಾರ್ಕಿಗೆ ಹೋಯಿತು.

ಚಿಕ್ಕಪ್ಪ: ಅದೇ ಬ್ರೌನ್ 1922ರಲ್ಲಿ ನಮ್ಮ ಶಿವಾಲಿಕ್ ಬೆಟ್ಟಗಳಿಗೂ ಬಂದು ಪಳೆಯುಳಿಕೆ ಸಂಗ್ರಹಿಸಿದ. ಕೆನಡಾದವರು ಸುಮ್ಮನಿದ್ದರಾ?

ಮಗಳು: ಇರಲಿಲ್ಲ. 1912ರಲ್ಲಿ ಕೆನಡಾದ ಭೂವಿಜ್ಞಾನ ಸಮೀಕ್ಷೆ ಚಾರ್ಲ್ಸ್ ಸ್ಟರ್ನ್‌ಬರ್ಗ್‌ನನ್ನೂ ಅವನ ಮಕ್ಕಳನ್ನೂ ಕೆಲಸಕ್ಕೆ ಇಟ್ಟುಕೊಂಡಿತು. ಎರಡು ತಂಡ, ಒಂದೇ ನದಿ. ಪೈಪೋಟಿಯ ಮೇಲೆ ಅಗೆದರು. ಆಮೇಲೆ ಸ್ಟರ್ನ್‌ಬರ್ಗ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೂ ಅಗೆದುಕೊಟ್ಟ. ಆ ಮೂಳೆಗಳನ್ನು ಹೊತ್ತಿದ್ದ ಮೌಂಟ್ ಟೆಂಪಲ್ ಹಡಗನ್ನು 1916ರ ಡಿಸೆಂಬರಿನಲ್ಲಿ ಜರ್ಮನಿಯ ಯುದ್ಧನೌಕೆ ಅಟ್ಲಾಂಟಿಕ್‌ನಲ್ಲಿ ಮುಳುಗಿಸಿತು. ಏಳೂವರೆ ಕೋಟಿ ವರ್ಷ ಉಳಿದದ್ದು ಸಾಗಣೆಯಲ್ಲಿ ಹೋಯಿತು. ಈಗ ಹೇಳಿ, ನೆಲದಲ್ಲಿದ್ದರೆ ಮೂಳೆಗೆ ಅಪಾಯ ಅಂದಿರಲ್ಲ!

ಚಿಕ್ಕಪ್ಪ: ಒಂದು ಹಡಗು ಮುಳುಗಿತು, ಉಳಿದವು ತಲುಪಿದವು. ನೆಲದಲ್ಲಿ ಬಿಟ್ಟವು ಒಂದೂ ತಲುಪಲಿಲ್ಲ. ಆದರೆ ಯಾವ ಗುಳಿಯಿಂದ ಏನು ತೆಗೆದರು ಅಂತ ಬರೆದಿಟ್ಟರಾ?

ಮಗಳು: ಎಲ್ಲರೂ ಇಡಲಿಲ್ಲ. 1930ರ ದಶಕದಲ್ಲಿ ಸ್ಟರ್ನ್‌ಬರ್ಗ್‌ನ ಮಗ ವಾಪಸ್ ಬಂದು ಹಳೆಯ ಗುಳಿಗಳಿಗೆ ಗುರುತಿನ ಕಂಬ ನೆಟ್ಟ. ಗುರುತು ಸಿಗದ ಗುಳಿಗಳಲ್ಲಿ ಈಗಿನವರು ಹಳೆಯ ಪತ್ರಿಕೆಯ ಚೂರು, ಬಾಟಲಿ ಹುಡುಕಿ ಯಾರು ಯಾವ ವರ್ಷ ಅಗೆದಿದ್ದು ಅಂತ ಪತ್ತೆ ಮಾಡುತ್ತಾರೆ.

ಚಿಕ್ಕಪ್ಪ: ಅದಕ್ಕೇ ಹೇಳೋದು, ಲೇಬಲ್ ಇಲ್ಲದ ಮೂಳೆ ಬರೀ ಕಲ್ಲು. ಇರಲಿ, ಒಂದು ಸಣ್ಣ ಚೂರು ನಮ್ಮ ಶಾಲೆಗೆ ಒಯ್ಯಬಹುದಾ? ನೂರಾರು ಬಿದ್ದಿರುತ್ತವೆ ಅಂತೀಯ. ಹೇಗೂ ಮಳೆಗೆ ಪುಡಿಯಾಗೋವು.

ಮಗಳು: ಬೇಡ ಚಿಕ್ಕಪ್ಪ, ಪಾರ್ಕಿನೊಳಗೆ ಒಂದು ಬೆಣಚುಕಲ್ಲನ್ನೂ ತೆಗೆಯುವ ಹಾಗಿಲ್ಲ. ಆಲ್ಬರ್ಟಾದಲ್ಲಿ ಪಳೆಯುಳಿಕೆ ಪ್ರಾಂತ್ಯದ ಆಸ್ತಿ. ಕಾನೂನು ಮುರಿದರೆ 50,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು.

ಚಿಕ್ಕಪ್ಪ: ಪಾರ್ಕಿನ ಹೊರಗೆ, ಯಾರದ್ದೋ ಹೊಲದಲ್ಲಿ ಸಿಕ್ಕರೆ?

ಮಗಳು: ಜಮೀನಿನವರ ಒಪ್ಪಿಗೆ ಇದ್ದು ಮೇಲ್ಗಡೆ ಬಿದ್ದಿದ್ದರೆ ಎತ್ತಿಟ್ಟುಕೊಳ್ಳಬಹುದು, ಅಗೆಯೋ ಹಾಗಿಲ್ಲ. ಎತ್ತಿಟ್ಟುಕೊಂಡರೂ ನೀವು ಕಾವಲುಗಾರರು ಮಾತ್ರ, ಮಾಲೀಕರಲ್ಲ. ಪರವಾನಗಿ ಇಲ್ಲದೆ ಮಾರೋಕೂ ಆಗೋಲ್ಲ, ಪ್ರಾಂತ್ಯದ ಗಡಿ ದಾಟಿಸೋಕೂ ಆಗೋಲ್ಲ. ಮೈಸೂರಂತೂ ದೂರದ ಮಾತು.

ಚಿಕ್ಕಪ್ಪ: ಮಳೆಗೆ ಪುಡಿಯಾದರೂ ಸರಿ, ಮಕ್ಕಳ ಕೈಗೆ ಸಿಗಬಾರದು ಅನ್ನೋದು ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಮಗಳು: ಬರುವವರೆಲ್ಲ ಒಂದೊಂದು ಚೂರು ಜೇಬಿಗೆ ಹಾಕಿಕೊಂಡರೆ ಮುಂದಿನ ಬೇಸಿಗೆಗೆ ಗೈಡ್ ತೋರಿಸೋದು ಏನನ್ನ?

ಈ ಭಯದಿಂದಲೇ ಪಾರ್ಕಿನ ಬಹುಭಾಗಕ್ಕೆ ಜನ ತಮ್ಮಷ್ಟಕ್ಕೆ ಹೋಗುವಂತಿಲ್ಲ. ಅದು ನಿಸರ್ಗ ಸಂರಕ್ಷಣಾ ವಲಯ. ಗೈಡ್ ಇರುವ ಪ್ರವಾಸದಲ್ಲಿ ಮಾತ್ರ ಪ್ರವೇಶ. ಸೆಂಟ್ರೋಸಾರಸ್ ಮೂಳೆಹಾಸಿಗೆ ಇರುವುದೂ ಅದೇ ವಲಯದಲ್ಲಿ. ಪ್ರವಾಸಗಳು ಹಲವು ಬಗೆ: ಮೂಳೆಹಾಸಿಗೆಗೆ ಕರೆದೊಯ್ಯುವ ನಡಿಗೆ, ಪಳೆಯುಳಿಕೆ ಗುರುತಿಸಲು ಕಲಿಸುವ ನಡಿಗೆ, ಗಟ್ಟಿ ಕಾಲಿನವರಿಗೆ ದೀರ್ಘ ಚಾರಣ, ನಡೆಯಲಾಗದವರಿಗೆ ಬಸ್ ಪ್ರವಾಸ. ಇವು ನಡೆಯುವುದು ಮುಖ್ಯವಾಗಿ ಬೇಸಿಗೆಯ ತಿಂಗಳುಗಳಲ್ಲಿ. ಸೀಟುಗಳು ಕಡಿಮೆ, ಕೆಲವು ನಡಿಗೆಗಳಿಗೆ ಕನಿಷ್ಠ ವಯಸ್ಸಿನ ನಿಯಮವಿದೆ. ಬುಕಿಂಗ್ ಇಲ್ಲದೆ ಹೋದವರಿಗೆ ಉಳಿಯುವುದು ಎಲ್ಲರಿಗೂ ತೆರೆದಿರುವ ಭಾಗ: ಕಾರಿನಲ್ಲಿ ಹೋಗಬಹುದಾದ ಸಣ್ಣ ಸುತ್ತುರಸ್ತೆ ಮತ್ತು ಒಂದೂವರೆ ಕಿಲೋಮೀಟರಿಗೂ ಕಡಿಮೆ ಉದ್ದದ ಐದು ಕಾಲುದಾರಿಗಳು. ಬಾತುಕೋಳಿಯಂಥ ಮೂತಿಯ ಡೈನೋಸಾರೊಂದರ ಅಸ್ಥಿಪಂಜರವನ್ನು ಸುತ್ತುರಸ್ತೆಯ ಬದಿಯಲ್ಲಿ, ಸಿಕ್ಕ ಜಾಗದಲ್ಲೇ, ಗಾಜಿನ ಹಿಂದೆ ಕಾಪಾಡಿದ್ದಾರೆ.

ಚಿಕ್ಕಪ್ಪ: ಇದು ನೋಡು ಮಧ್ಯದ ದಾರಿ. ನೆಲವೂ ಉಳಿಯಿತು, ಮೂಳೆಯೂ ಉಳಿಯಿತು, ನನ್ನ ಮಂಡಿಯೂ ಉಳಿಯಿತು.

ಮಗಳು: ಮೂಳೆಹಾಸಿಗೆಯ ನಡಿಗೆ ಮಾತ್ರ ಬಿಡಬೇಡಿ. ಬೆಳಗಿನ ಹೊತ್ತಿನದು ತೆಗೆದುಕೊಳ್ಳೋಣ. ಜುಲೈ ಆಗಸ್ಟಿನಲ್ಲಿ ಬಿಸಿಲು 35 ಡಿಗ್ರಿ ದಾಟುತ್ತೆ, ಗುಡ್ಡದ ಮೇಲೆ ಒಂದು ಮರ ಇಲ್ಲ. ಕಣಿವೆಯಲ್ಲಿ ಗಾಳಿ ನಿಂತರೆ ಮಣ್ಣಿನ ಝಳ ಮುಖಕ್ಕೆ ಹೊಡೆಯುತ್ತೆ.

ಚಿಕ್ಕಪ್ಪ: ಹಾಗಾದರೆ ಮಳೆ ಬಂದ ಮಾರನೇ ದಿನ ತಂಪಾಗಿ ಹೋಗೋಣ.

ಮಗಳು: ಅದು ಇನ್ನೂ ಕಷ್ಟ. ಆ ಮಣ್ಣಿನಲ್ಲಿ ಬೆಂಟೊನೈಟ್ ಇದೆ, ಜ್ವಾಲಾಮುಖಿಯ ಬೂದಿಯಿಂದ ಆದ ಜೇಡಿ. ಒಣಗಿದಾಗ ಮೇಲ್ಮೈ ಕಡಲೆಪುರಿ ಹರಡಿದ ಹಾಗೆ ಉಬ್ಬಿ ಬಿರಿದಿರುತ್ತೆ, ಕಾಲಿಟ್ಟರೆ ಪುಟಪುಟ ಅನ್ನುತ್ತೆ. ನೀರು ಬಿದ್ದರೆ ಅದೇ ಜೇಡಿ ನೀರು ಕುಡಿದು ಊದಿ, ಹೆಜ್ಜೆ ಇಟ್ಟ ಕಡೆ ಜಾರುತ್ತೆ. ಶೂಗೆ ಅಂಟಿ ಕಾಲು ಎತ್ತೋಕೆ ಆಗದಷ್ಟು ಭಾರವಾಗುತ್ತೆ. ಜೋರು ಮಳೆಯಾದರೆ ನಡಿಗೆಗಳನ್ನೇ ರದ್ದು ಮಾಡುತ್ತಾರೆ.

ಚಿಕ್ಕಪ್ಪ: ಇದೇ ಕಾರಣಕ್ಕೆ ಎರಡೇ ದಿನದ ಪ್ರವಾಸವನ್ನು ಹೊರಗಿನ ಒಂದು ನಡಿಗೆಯ ಮೇಲೆ ನಿಲ್ಲಿಸಬಾರದು ಅನ್ನೋದು. ಮಳೆ ಬಂದರೆ ಮ್ಯೂಸಿಯಂ ಬಾಗಿಲು ಹಾಕೋದಿಲ್ಲ.

ಮಗಳು: ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಚಿಕ್ಕಪ್ಪ: ಹಾವು ಗೀವು?

ಮಗಳು: ಬಾಲ ಗಿಲಕಿ ಹೊಡೆಯುವ ರ‍್ಯಾಟಲ್ ಹಾವು ಇದೆ. ಚೇಳು ಇದೆ, ಬ್ಲ್ಯಾಕ್ ವಿಡೋ ಜೇಡ ಇದೆ, ಹುಲ್ಲಿನ ನಡುವೆ ಪಾಪಾಸುಕಳ್ಳಿ ಇದೆ. ನೋಡದೆ ಕಲ್ಲಿನ ಸಂದಿಗೆ ಕೈ ಹಾಕಬಾರದು, ಚಪ್ಪಲಿಯಲ್ಲಿ ಹೋಗಬಾರದು. ಗಟ್ಟಿ ಶೂ, ಅಗಲ ಟೋಪಿ, ಒಬ್ಬೊಬ್ಬರಿಗೂ ಎರಡು ಮೂರು ಲೀಟರ್ ನೀರು. ನದಿ ಕಡೆ ಸಂಜೆ ಸೊಳ್ಳೆ ಕಾಟ. ಮೊಬೈಲ್ ಸಿಗ್ನಲ್ ನಂಬೋ ಹಾಗಿಲ್ಲ, ದಾರಿಯ ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು. ಪೆಟ್ರೋಲು ಬ್ರೂಕ್ಸ್ ಪಟ್ಟಣದಲ್ಲೇ ತುಂಬಿಸಬೇಕು. ಅಲ್ಲಿಂದ ಪಾರ್ಕು 48 ಕಿಲೋಮೀಟರ್.

ಚಿಕ್ಕಪ್ಪ: ಊಟ?

ಮಗಳು: ಸಸ್ಯಾಹಾರಕ್ಕೆ ಅಲ್ಲಿ ಪರದಾಡೋದು ಬೇಡ. ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗೋಣ. ಮೊಸರಿಗೆ ಐಸ್ ಪೆಟ್ಟಿಗೆ ಇದೆ.

ಚಿಕ್ಕಪ್ಪ: ರಾತ್ರಿ ಡೇರೆಯಲ್ಲಿ ನೆಲದ ಮೇಲೆ ಮಲಗೋಕೆ ಈ ಬೆನ್ನು ಒಪ್ಪೋದಿಲ್ಲ. ಬ್ರೂಕ್ಸ್‌ನಲ್ಲಿ ಹೋಟೆಲ್ ಮಾಡು.

ಮಗಳು: ಕ್ಯಾಂಪಿನಲ್ಲಿ ಮಂಚ ಹಾಕಿದ ಕ್ಯಾನ್ವಾಸ್ ಡೇರೆಗಳೂ ಬಾಡಿಗೆಗೆ ಸಿಗುತ್ತವೆ, ಹಳ್ಳದ ಪಕ್ಕ ಕಾಟನ್‌ವುಡ್ ಮರಗಳ ಕೆಳಗೆ. ಹೋಟೆಲಿನಲ್ಲಿ ಮಲಗಿದರೆ ಬೆಳಿಗ್ಗೆ ಮುಕ್ಕಾಲು ಗಂಟೆ ಮತ್ತೆ ದಾರಿಗೇ ಹೋಗುತ್ತೆ. ಇಳಿಬಿಸಿಲಿನಲ್ಲಿ ಪದರಗಳ ಬಣ್ಣ ಎದ್ದು ಕಾಣುತ್ತೆ. ನಡುಮಧ್ಯಾಹ್ನ ಎಲ್ಲ ಬೂದಿ. ಜೂನ್ ಜುಲೈನಲ್ಲಿ ಇಲ್ಲಿ ಸೂರ್ಯ ಮುಳುಗೋದೇ ರಾತ್ರಿ ಒಂಬತ್ತೂವರೆಯ ಸುಮಾರಿಗೆ. ಅಲ್ಲೇ ಉಳಿದವರಿಗೆ ಒಂದು ಇಡೀ ಸಂಜೆ ಹೆಚ್ಚಿಗೆ ಸಿಕ್ಕಂತೆ.

ಚಿಕ್ಕಪ್ಪ: ಮಂಚ ಇದ್ದರೆ ಆಯಿತು. ಆದರೆ ಡ್ರಮ್‌ಹೆಲರ್ ಪೂರ್ತಿ ಬಿಡೋದು ಬೇಡ. ಮೊದಲು ಮ್ಯೂಸಿಯಂ, ಆಮೇಲೆ ಪಾರ್ಕು. ಇಡೀ ಪ್ರಾಣಿ ನೋಡಿಕೊಂಡು ಹೋದವನಿಗೆ ಚೂರು ಅರ್ಥವಾಗುತ್ತೆ. ಅಕ್ಷರ ಕಲಿಸದೆ ಪುಸ್ತಕ ಕೊಡಬಾರದು.

ಮಗಳು: ನಾನು ತಿರುವುಮುರುವು ಹೇಳ್ತೀನಿ. ಮೊದಲು ಗುಡ್ಡದಲ್ಲಿ ಚೂರು ನೋಡಿ ತಲೆ ಕೆಡಿಸಿಕೊಂಡಿರಬೇಕು. ಆಗ ಮ್ಯೂಸಿಯಮ್ಮಿನಲ್ಲಿ ನಿಂತಾಗ ಇದನ್ನು ಹೇಗೆ ಜೋಡಿಸಿದರು, ಎಷ್ಟು ಮೂಳೆ ನಿಜ, ಎಷ್ಟು ಅಚ್ಚು ಅಂತ ಕೇಳೋಕೆ ಬರುತ್ತೆ. ಪ್ರಶ್ನೆ ಇಲ್ಲದೆ ಹೋದವರು ಫೋಟೊ ತೆಗೆದುಕೊಂಡು ಬರುತ್ತಾರೆ.

ಚಿಕ್ಕಪ್ಪ: ಪ್ರಶ್ನೆ ಹುಟ್ಟೋಕೂ ಒಂದಿಷ್ಟು ತಿಳಿವಳಿಕೆ ಬೇಕು ಕಣಮ್ಮ.

ಮಗಳು: ತಿಳಿವಳಿಕೆ ಮೊದಲೇ ತುಂಬಿದ್ದರೆ ಪ್ರಶ್ನೆ ಹುಟ್ಟೋಕೆ ಜಾಗ ಇರೋಲ್ಲ ಚಿಕ್ಕಪ್ಪ.

ಈ ವಾದ ಮಾತಿನಲ್ಲಿ ತೀರುವಂಥದ್ದಲ್ಲ. ತೀರ್ಮಾನಿಸಿದ್ದು ಬುಕಿಂಗ್ ಪುಟ. ಮೂಳೆಹಾಸಿಗೆಯ ನಡಿಗೆಗೆ ಶನಿವಾರ ಸೀಟಿರಲಿಲ್ಲ. ಭಾನುವಾರ ಬೆಳಿಗ್ಗೆ ಎರಡು ಉಳಿದಿದ್ದವು. ಅದರ ಸುತ್ತ ಉಳಿದ ಯೋಜನೆ ತಾನಾಗಿ ಕೂತಿತು. ಶನಿವಾರ ಬೆಳಿಗ್ಗೆ ಡ್ರಮ್‌ಹೆಲರ್. ಮ್ಯೂಸಿಯಮ್ಮಿನಲ್ಲಿ ಮೂರು ಗಂಟೆ, ಅದರಲ್ಲೂ ತಂತ್ರಜ್ಞರು ಕಲ್ಲು ಬಿಡಿಸುವುದನ್ನು ಕಿಟಕಿಯಿಂದ ನೋಡಬಹುದಾದ ಪ್ರಯೋಗಾಲಯದ ಮುಂದೆ ಸಾವಕಾಶವಾಗಿ. ಮಧ್ಯಾಹ್ನ ಪಾರ್ಕಿಗೆ ಪ್ರಯಾಣ, ಸಂಜೆ ಸುತ್ತುರಸ್ತೆ ಮತ್ತು ಒಂದು ಕಾಲುದಾರಿ, ರಾತ್ರಿ ಅಲ್ಲೇ ವಾಸ. ಭಾನುವಾರ ಗೈಡ್ ಜೊತೆ ನಡಿಗೆ, ಊಟ, ವಾಪಸ್.

ಮಗಳು: ಮ್ಯೂಸಿಯಂ ಮೊದಲು ಬಂತು ಅಂತ ನೀವು ಗೆದ್ದಿರಿ ಅಂದುಕೊಳ್ಳಬೇಡಿ.

ಚಿಕ್ಕಪ್ಪ: ಇಲ್ಲ. ಆದರೆ ಡ್ರಮ್‌ಹೆಲರ್ ಊರಿನಲ್ಲಿ 25 ಮೀಟರಿಗೂ ಹೆಚ್ಚು ಎತ್ತರದ ಫೈಬರ್‌ಗ್ಲಾಸ್ ಉಕ್ಕಿನ ಟಿ. ರೆಕ್ಸ್ ಇದೆಯಂತೆ, ಬಾಯಿಯೊಳಗೆ ಹತ್ತಿ ನಿಲ್ಲಬಹುದಂತೆ. ಅದನ್ನೂ ಸೇರಿಸೋಣವಾ?

ಮಗಳು: ಅದು ಬೇಡ. ಆ ಊರಿನ ಮಣ್ಣಿನ ಕಂಬಗಳೂ ಬೇಡ. ಒಂದೊಂದು ಗಂಟೆ ಅಂತ ಸೇರಿಸುತ್ತಾ ಹೋದರೆ ಪಾರ್ಕಿನ ಸಂಜೆ ಕೈತಪ್ಪುತ್ತೆ.

ಚಿಕ್ಕಪ್ಪ: ಅದೂ ಸರಿ. ಆದರೆ ಮಳೆ ಬಂದು ಭಾನುವಾರದ ನಡಿಗೆ ರದ್ದಾದರೆ ನನ್ನ ಮಾತು ನೆನಪಿಟ್ಟುಕೋ.

ಎರಡು ದಿನದಲ್ಲಿ ಎಲ್ಲವನ್ನೂ ನೋಡಲಾಗದು, ನೋಡಬೇಕಾದ್ದೂ ಇಲ್ಲ. ಮ್ಯೂಸಿಯಂ ಮೊದಲೋ ನೆಲ ಮೊದಲೋ ಎಂಬುದಕ್ಕೆ ಎರಡು ಉತ್ತರಗಳೂ ಸರಿಯಿರಬಹುದು. ಆದರೆ ಯೋಜನೆಯ ಮೊದಲ ಹೆಜ್ಜೆಗೆ ಒಂದೇ ಉತ್ತರ: ಗೈಡ್ ನಡಿಗೆಯ ಸೀಟು ಕಾಯ್ದಿರಿಸಿದ ಮೇಲೆ ಉಳಿದ ದಿನಚರಿ ಹಾಕಬೇಕು. ಪಾರ್ಕಿನ ಮುಖ್ಯ ಭಾಗದ ಬಾಗಿಲು ತೆರೆಯುವುದು ಆ ಒಂದು ಟಿಕೆಟ್ಟಿಗೆ ಮಾತ್ರ.